ಎತ್ತಿದ ಎಡಗೈ

"ನೋವಾದ್ರೆ ಎಡಗೈ ಎತ್ತಿ. ತಕ್ಷಣ ನಿಲ್ಲಿಸಿಬಿಡ್ತೀನಿ," ಎಂದರು ಹಲ್ಲಿನ ಡಾಕ್ಟರಮ್ಮ. ಡ್ರೈವರ್ ತಲೆಯಾಡಿಸಿ ಬಾಯಿ ತೆರೆದ. ಎತ್ತಿದ ಕೈಯ ವಿಷಯವನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಿಟಿ ಬಸ್ಸು ಓಡಿಸುವವನು. ರಸ್ತೆಬದಿಯಲ್ಲಿ ಎದ್ದ ಕೈ ಬಸ್ಸು ಹತ್ತುವವನದೋ, ತಲೆ ಕೆರೆದುಕೊಳ್ಳುವವನದೋ ಎಂದು ದೂರದಿಂದಲೇ ಹೇಳಬಲ್ಲ. ಬಸ್ಸು ತುಂಬಿ ತುಳುಕುವಾಗ, ಎದ್ದ ಕೈಗೆ ಹಳೇ ಸ್ನೇಹಿತನ ಹಾಗೆ ತಾನೂ ಕೈ ಬೀಸಿ, ಹಲ್ಲು ಕಿರಿದು, ನಿಲ್ಲಿಸದೆ ಹೊರಟುಹೋಗುವ ವಿದ್ಯೆಯನ್ನು ಡಿಪೋದ ಹೊಸಬರಿಗೆಲ್ಲ ಕಲಿಸಿದವನೂ ಅವನೇ.

ನಿಜ ಹೇಳಬೇಕೆಂದರೆ, ಹಲ್ಲು ಕೀಳಿಸಿಕೊಳ್ಳಲು ಅವನು ಖುಷಿಯಿಂದಲೇ ಬಂದಿದ್ದ. ಮನೆಯಲ್ಲಿ ಮಗಳದೂ ಮಗನದೂ ಒಂದೇ ಜಗಳ: ಹೊಡೆದಾಟದ ವಿಡಿಯೋ ಗೇಮ್‌ಗಳಲ್ಲಿ ಯಾವುದಕ್ಕೆ ಹೆಚ್ಚು ಕೈಚಳಕ ಬೇಕು? ಊಟಕ್ಕೆ ಕೂತರೂ ಅದೇ, ಬಚ್ಚಲ ಬಾಗಿಲಲ್ಲಿ ನಿಂತರೂ ಅದೇ. "ನೀನೇ ಹೇಳಪ್ಪಾ" ಎಂದು ಇಬ್ಬರೂ ಪ್ರಾಣ ತಿನ್ನುತ್ತಿದ್ದರು. ಬಾಯಿ ತೆರೆದು ಮಲಗಿದವನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ ಎಂಬ ಭರವಸೆಯ ಮೇಲೆ ಅವನು ಈ ಕುರ್ಚಿ ಏರಿದ್ದ. ಜೊತೆಗೆ ಬಂದಿದ್ದ ಮಗಳು ಮೂಲೆಯ ಸ್ಟೂಲಿನ ಮೇಲೆ ತೆಪ್ಪಗೆ ಕೂತಿದ್ದಳು. ಇಂಜೆಕ್ಷನ್ ಆಯಿತು. ದವಡೆ ಮರಗಟ್ಟಲೆಂದು ಕಾಯುತ್ತ ಡಾಕ್ಟರಮ್ಮ ಅವಳ ಕಡೆ ತಿರುಗಿದರು.

"ಹೆಬ್ಬೆರಳಿಗೇನಮ್ಮಾ, ಪಟ್ಟಿ?"

"ಗೇಮ್ ಆಡಿ ಬೊಬ್ಬೆ ಬಂತು ಆಂಟಿ. ಮುಷ್ಟಿಯುದ್ಧದ್ದು."

ಡಾಕ್ಟರಮ್ಮ ಕೈಗವಸು ಕಳಚಿ ತಮ್ಮ ಹೆಬ್ಬೆರಳು ತೋರಿಸಿದರು. ಅಲ್ಲೂ ಒಂದು ಗಂಟು. "ಇದು ಕತ್ತಿಕಾಳಗದ್ದು!"

ಡ್ರೈವರ್ ಕಣ್ಣು ಮುಚ್ಚಿಕೊಂಡ.

"ಕತ್ತೀದಾ?" ಮಗಳು ಸ್ಟೂಲನ್ನು ದರದರ ಎಳೆದುಕೊಂಡು ಹತ್ತಿರ ಬಂದಳು. "ಅದರಲ್ಲೇನಿದೆ ಆಂಟಿ? ಒಂದೇಟು ಬಿತ್ತು, ಆಟ ಮುಗೀತು. ನಮ್ಮದರಲ್ಲಿ ಇಪ್ಪತ್ತು ಏಟು ಸಾಲಾಗಿ ಹೊಡೀಬೇಕು. ಒಂದು ಬಟನ್ ಒಂದು ಚೂರು ತಡ ಆಯ್ತೋ, ಎಲ್ಲಾ ಗೋವಿಂದ."

"ಅದು ಗಿಳಿಪಾಠ ಕಣೇ. ನಾಲ್ಕು ದಿನ ಉರು ಹೊಡೆದ್ರೆ ಯಾರಿಗಾದ್ರೂ ಬರುತ್ತೆ. ಒಂದೇ ಏಟು ಅಂದ್ರೆ ತಪ್ಪೋ ಹಾಗೇ ಇಲ್ಲ. ಎದುರಿಗಿರೋನು ಕೈ ಅಲುಗಿಸಿದ ತಕ್ಷಣ ಅವನ ಮನಸ್ಸಲ್ಲಿ ಏನಿದೆ ಅಂತ ಓದಿಬಿಡಬೇಕು." ಹೊಸ ಕೈಗವಸು ತೊಟ್ಟು ಇಕ್ಕಳ ಎತ್ತಿಕೊಂಡರು.

"ಓದೋಕೆ ಬರದೇ ಇರೋರು ಸುಮ್ನೆ ಬೀಸ್ತಾರೆ. ಬಿದ್ರೆ ಅದೃಷ್ಟ!"

"ಅದೃಷ್ಟಾನಾ? ನಾನು ಇಷ್ಟು ವರ್ಷ ಅದೃಷ್ಟದಲ್ಲಿ ಆಡಿದ್ನಾ?" ಡಾಕ್ಟರಮ್ಮನ ದೃಷ್ಟಿ ಹುಡುಗಿಯ ಮೇಲೇ ಇತ್ತು. ಇಕ್ಕಳ ಮಾತ್ರ ಡ್ರೈವರನ ಬಾಯಿಯೊಳಗೆ ಇಳಿಯಿತು.

ಅದು ಹಿಡಿದದ್ದು ಹುಳುಕು ಹಲ್ಲನ್ನಲ್ಲ, ಪಕ್ಕದ್ದನ್ನು. ನಾಲಿಗೆಯ ತುದಿ ಹೋಗಿ ಮುಟ್ಟಿ ನೋಡಿತು: ತೂತುಬಿದ್ದ ಹಲ್ಲು ಹಾಯಾಗಿ ನಿಂತಿದೆ, ಇಷ್ಟು ದಿನ ಅದರ ಕೆಲಸವನ್ನೂ ತಾನೇ ಮಾಡಿಕೊಂಡಿದ್ದ ಗಟ್ಟಿ ಹಲ್ಲಿನ ಕುತ್ತಿಗೆಗೆ ಇಕ್ಕಳ ಬಿದ್ದಿದೆ. ಅವನು ಎಡಗೈ ಎತ್ತಿದ.

"ನೋಡಿ ಆಂಟಿ, ಅಪ್ಪನ ಓಟು ನಂಗೆ!"

"ನನ್ ಮಾತು ಮುಗಿದ ಮೇಲಲ್ವಾ ಎತ್ತಿದ್ದು? ನಂಗೇ."

ಇಕ್ಕಳ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿತು. ಅವನು ಬಲಗೈಯನ್ನೂ ಎತ್ತಿದ.

"ಎರಡೂ ಸಮ ಅಂತೆ," ಮಗಳ ಮುಖ ಸಪ್ಪಗಾಯಿತು. "ಮನೇಲೂ ಹೀಗೇ ಆಂಟಿ. ಯಾರಿಗೂ ಬೇಜಾರು ಮಾಡಲ್ಲ."

ಆಗ ಅವನು ಒದ್ದ. ಪಕ್ಕದ ತಟ್ಟೆ ಹಾರಿ, ಬಟ್ಟಲು, ಪುಟ್ಟ ಕನ್ನಡಿ, ಹತ್ತಿಯುಂಡೆ ಎಲ್ಲ ನೆಲದ ಪಾಲಾದವು. ಮಗಳ ಕಣ್ಣರಳಿತು. "ಅಪ್ಪಾ! ಏನ್ ಟೈಮಿಂಗು! ಎಲ್ಲಿ ಕಲಿತೆ?"

ಡಾಕ್ಟರಮ್ಮ ಬಾಯಿಯೊಳಗೆ ಇಣುಕಿದರು. ಗೋಡೆಯ ಮೇಲಿದ್ದ ಎಕ್ಸ್‌ರೇ ನೋಡಿದರು. ಮತ್ತೆ ಬಾಯಿಯೊಳಗೆ ಇಣುಕಿದರು. ಇಕ್ಕಳ ಸದ್ದಿಲ್ಲದೆ ಒಂದು ಹಲ್ಲು ಹಿಂದಕ್ಕೆ ಸರಿಯಿತು. ಆಮೇಲೆ ಹುಳುಕು ಹಲ್ಲು ಕಿತ್ತು ಹೊರಗೆ ಬರುವವರೆಗೂ ಆ ಕೋಣೆಯಲ್ಲಿ ಯಾರೂ ತುಟಿ ಎರಡು ಮಾಡಲಿಲ್ಲ. ಅವನು ಬಯಸಿ ಬಂದಿದ್ದ ಶಾಂತಿ ಅದೇ. ಸುಖಪಡುವಷ್ಟು ಧೈರ್ಯ ಮಾತ್ರ ಉಳಿದಿರಲಿಲ್ಲ.

"ಹತ್ತಿ ಕಚ್ಚಿಕೊಂಡಿರಿ. ಒಂದು ಗಂಟೆ ಮಾತಾಡೋ ಹಾಗಿಲ್ಲ," ಎಂದು ಹೇಳಿದ ಡಾಕ್ಟರಮ್ಮ ಬಾಗಿಲವರೆಗೂ ಬಂದು ಹುಡುಗಿಯ ಕಿವಿಯಲ್ಲಿ ಪಿಸುಗುಟ್ಟಿದರು: "ನೀನ್ ಹೇಳಿದ್ದೂ ಸರಿ. ಕತ್ತಿ ಆಟದಲ್ಲಿ ಒಂದೊಂದ್ಸಲ ಏಟು ಪಕ್ಕದವನಿಗೆ ಬಿದ್ದುಬಿಡುತ್ತೆ."

ನಿಲ್ದಾಣದಲ್ಲಿ ಡ್ರೈವರ್ ಊದಿದ ಕೆನ್ನೆ ಹಿಡಿದುಕೊಂಡು ನಿಂತ. ಮನೆಯ ಕಡೆಯ ಬಸ್ಸು ಬಂತು. ಬಾಗಿಲಿನ ಮೆಟ್ಟಿಲಲ್ಲೂ ಜನ. ಓಡಿಸುತ್ತಿದ್ದವನು ಹೋದ ತಿಂಗಳಷ್ಟೇ ಇವನ ಕೈಕೆಳಗೆ ಪಳಗಿದ ಹೊಸಬ. ಸದ್ಯ, ಗುರುತಿನವನೇ ಸಿಕ್ಕಿದ ಎಂದುಕೊಂಡು ಇವನು ಎಡಗೈ ಎತ್ತಿದ.

ಹೊಸಬ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಮೂವತ್ತೆರಡೂ ಹಲ್ಲು ಬಿಟ್ಟು ಕೈ ಬೀಸಿದ. ಬಸ್ಸು ಹೊಗೆ ಉಗುಳಿ ಮುಂದೆ ಹೋಯಿತು.

"ಯಾರಪ್ಪಾ ಅದು?" ಮಗಳು ಕೇಳಿದಳು. "ನಿನ್ನ ಕಂಡ್ರೆ ಎಷ್ಟು ಪ್ರೀತಿ!"

ಎತ್ತಿದ ಕೈಯನ್ನು ಅವನು ಮೆಲ್ಲಗೆ ತಲೆಗೆ ಒಯ್ದು, ಕೆರೆದುಕೊಂಡ. ಒಂದು ಗಂಟೆ ಮಾತಾಡುವ ಹಾಗಿರಲಿಲ್ಲ.