ಕಂಬದ ಪಟ್ಟಿ

ಬೇಸಿಗೆ ಮುಗಿಯುತ್ತ ಬಂದಿತ್ತು. ಮಧ್ಯಾಹ್ನವಾದರೆ ಸಾಕು, ಎಲ್ಲಿಂದಲೋ ಗಾಳಿ ಎದ್ದು ಹಳೆ ಮೆಷಿನ್ ವ್ಯಾಪಾರಿಯ ತಗಡಿನ ಶೆಡ್ಡನ್ನು ದಡಬಡ ಬಡಿಯುತ್ತಿತ್ತು. ಒಳಗೆ ವ್ಯಾಪಾರಿ ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ಹೊಲಿಗೆ ಮೆಷಿನ್ನೊಂದರ ಹೊಟ್ಟೆ ಬಿಚ್ಚಿ ಒರೆಸುತ್ತಿದ್ದ. ಟೈಲರ್ ಹೆಂಗಸು ಬೆಳಗಿನಿಂದ ಎರಡು ಮೆಷಿನ್ ನೋಡಿ ಬೇಡವೆಂದು, ಮೂರನೆಯದರ ಮುಂದೆ ಬಂದು ನಿಂತಿದ್ದಳು. ನಿಂತಲ್ಲಿ ನಿಲ್ಲಲಾಗದೆ ಅವಳ ಬಲಗಾಲು ಇಲ್ಲದ ಪೆಡಲನ್ನು ತುಳಿಯುತ್ತಲೇ ಇತ್ತು. ಬದಲಿಗೆ ಕೊಡಲೆಂದು ತಂದಿದ್ದ ಅವಳ ಬಟ್ಟೆ ಹೊಲಿಯುವ ಮೆಷಿನ್ ಬಾಗಿಲಲ್ಲಿತ್ತು. ಅದರ ಪಕ್ಕ ಎಣ್ಣೆ ಡಬ್ಬದ ಮೇಲೆ ಅವಳ ಮೈದುನ ಎಡಗಾಲು ಚಾಚಿ ಕೂತಿದ್ದ. ಅವನು ಕರೆಂಟ್ ಕಂಬ ಹತ್ತುವವನು. ಮಳೆ ಬೀಳುವ ಮೊದಲು ತಂತಿಗಳನ್ನೆಲ್ಲ ಬಿಗಿಯಬೇಕು, ನಾಳೆಯಿಂದ ಬಾ ಎಂದು ಮೇಲಿನವರು ಹೇಳಿಕಳಿಸಿದ್ದರು.

“ಆ ಮೊದಲನೇದಕ್ಕೆ ಏನಾಗಿತ್ತಮ್ಮಾ?” ವ್ಯಾಪಾರಿ ಕೇಳಿದ. “ಜೀನ್ಸು, ಟಾರ್ಪಾಲು, ಏನು ಕೊಟ್ಟರೂ ನುಂಗುತ್ತೆ.”

“ನುಂಗುತ್ತೆ, ಅರಗಿಸಿಕೊಳ್ಳಲ್ಲ. ಎರಡು ಪದರ ತೊಗಲು ಕೊಟ್ಟರೆ ಕೆಳಗಿನದು ಮುಂದೆ, ಮೇಲಿನದು ಹಿಂದೆ.”

“ಎರಡನೇದು?”

“ಅದು ಮುಟ್ಟಿದರೆ ಸಾಕು, ಹುಚ್ಚು ಕುದುರೆ. ಬೇಕಾದ ಕಡೆ ನಿಲ್ಲಲ್ಲ.”

“ಅಳಿಯನ್ನ ಹುಡುಕೋವಾಗಲೂ ಯಾರೂ ಇಷ್ಟು ಹುಳುಕು ತೆಗೆಯಲ್ಲ ಬಿಡಿ!”

ಅವಳು ನಗಲಿಲ್ಲ. ಮೈದುನನ ಕಡೆ ನೋಡಿದಳು. ಅವನೂ ನಗಲಿಲ್ಲ. ಎರಡು ತಿಂಗಳ ಹಿಂದಾಗಿದ್ದರೆ ಇಂಥ ಒಂದು ಮಾತಿಗೆ ಹತ್ತು ಸೇರಿಸುತ್ತಿದ್ದ. ಕಂಬದ ತುದಿಯಲ್ಲಿ, ಕಂಬಕ್ಕೂ ಸೊಂಟಕ್ಕೂ ಸುತ್ತಿದ ತೊಗಲಿನ ಪಟ್ಟಿಗೆ ಒರಗಿ, ಎರಡೂ ಕೈ ಬಿಟ್ಟು, ಗಾಳಿಗೆ ಅಂಗೈ ಅಡ್ಡಹಿಡಿದು ಸಿಗರೇಟು ಹಚ್ಚಿ, “ಯಾರಿಗ್ರೋ ಬೆಂಕಿ ಬೇಕು?” ಎಂದು ಕೆಳಗಿದ್ದವರನ್ನು ಕೂಗುತ್ತಿದ್ದ ಆಸಾಮಿ ಅವನು. ಆ ಪಟ್ಟಿಯ ಹೊಲಿಗೆ ಸವೆದಾಗ ಅತ್ತಿಗೆಯೇ ತನ್ನ ಬಟ್ಟೆ ಮೆಷಿನ್ನಿನಲ್ಲಿ ಹೊಲಿದುಕೊಟ್ಟಿದ್ದಳು. ಗಿರಾಕಿಯ ಕೆಲಸವಲ್ಲ, ಮನೆಯ ಹುಡುಗನದು ಎಂಬ ಅಕ್ಕರೆಯಿಂದ ಚಕ್ರವನ್ನು ಕೈಯಲ್ಲೇ ತಿರುಗಿಸಿ ತಿರುಗಿಸಿ, ಎಷ್ಟು ಸಣ್ಣ ಹೊಲಿಗೆ ಬರುತ್ತದೋ ಅಷ್ಟು ಸಣ್ಣದಾಗಿ, ಒತ್ತೊತ್ತಾಗಿ ಮೂರು ಸಾಲು. ಮೂರನೆಯ ದಿನ ಅವನು ಬಿದ್ದ. ಪುಣ್ಯಕ್ಕೆ ಎರಡಾಳೆತ್ತರವಷ್ಟೇ. ಪಟ್ಟಿಯನ್ನು ತಂದು ನೋಡಿದರೆ ದಾರದ ಒಂದೆಳೆಯೂ ತುಂಡಾಗಿರಲಿಲ್ಲ. ಸೂಜಿ ಚುಚ್ಚಿದ ತೂತುಗಳ ಸಾಲಿಗೇ ತೊಗಲು, ಪುಸ್ತಕದಿಂದ ರಸೀದಿ ಹರಿದಂತೆ, ನೀಟಾಗಿ ಹರಿದಿತ್ತು. ಅವನು ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ನಿದ್ದೆಯಾದರೂ ಬರುತ್ತಿತ್ತು.

ಮೂರನೆಯದು ಬಣ್ಣ ಹೋದ, ಎಮ್ಮೆಯಂಥ ಮೆಷಿನ್. “ಕುದುರೆ ಜೀನು ಹೊಲಿದದ್ದು ಇದು,” ಎಂದ ವ್ಯಾಪಾರಿ. “ಓಡಲ್ಲ, ನಡೆಯುತ್ತೆ. ಸೂಜಿ, ಒತ್ತೋ ಪಾದ ಎರಡೂ ಸೇರಿ ತೊಗಲನ್ನ ಕೈಹಿಡಿದು ನಡೆಸುತ್ತವೆ. ಮೇಲಿನದು ಕೆಳಗಿನದು ಅನ್ನೋ ಭೇದ ಇಲ್ಲ.”

ಅವಳು ಚೀಲದಿಂದ ಹೊಸ ಪಟ್ಟಿಯನ್ನು ತೆಗೆದಳು. ಅಳತೆಗೆ ಕತ್ತರಿಸಿ, ಕೊಂಡಿ ಹಾಕಿ, ಹೊಲಿಗೆಯೊಂದನ್ನು ಮಾತ್ರ ಬಾಕಿ ಉಳಿಸಿಕೊಂಡೇ ತಂದಿದ್ದಳು. ದಪ್ಪ ದಾರ ಪೋಣಿಸಿದಳು. ಅಭ್ಯಾಸಬಲದಿಂದ ಬೆರಳು ಹೊಲಿಗೆಯ ಉದ್ದದ ಹಿಡಿಕೆಯನ್ನು ಸಣ್ಣದರತ್ತ ಸರಿಸಿತು, ಸುಟ್ಟುಕೊಂಡಂತೆ ಹಿಂದಕ್ಕೆ ಬಂತು.

“ಬಟ್ಟೆ ಕೈ ನಿಮ್ದು,” ವ್ಯಾಪಾರಿ ಹಿಡಿಕೆಯನ್ನು ಕೆಳತುದಿಯವರೆಗೂ ಇಳಿಸಿದ. “ಬಟ್ಟೆಗೆ ಸಣ್ಣ ಹೊಲಿಗೆ ಗಟ್ಟಿ. ಇದಕ್ಕೆ ತೂತು ಕಡಿಮೆಯಾದಷ್ಟೂ ಒಳ್ಳೇದು. ಬಿಚ್ಚಿ ಹೊಲಿಯೋ ಹಾಗೂ ಇಲ್ಲ ನೋಡಿ. ಬಟ್ಟೆ ಸೂಜೀನ ಮರೆಯುತ್ತೆ, ತೊಗಲು ಮರೆಯಲ್ಲ.”

ಮೈದುನ ಬಾಗಿಲಾಚೆ ಗಾಳಿಗೆ ತೂಗುವ ತಂತಿಗಳನ್ನು ನೋಡುತ್ತಿದ್ದ.

ಮೆಷಿನ್ ಧಡ್ ಧಡ್ಡೆಂದು ಒಂದೊಂದೇ ಹೆಜ್ಜೆ ಇಟ್ಟಿತು. ಗೋಧಿ ಕಾಳಿನುದ್ದದ ಹೊಲಿಗೆ, ಅಂಚಿಗೊಂದು ಸಾಲು. ದಾರ ಕತ್ತರಿಸಿದವಳೇ ಪಟ್ಟಿಯನ್ನು ಶೆಡ್ಡಿನ ಮರದ ಕಂಬಕ್ಕೆ ಸುತ್ತಿ, ತನ್ನ ಸೊಂಟಕ್ಕೆ ಕೊಂಡಿ ಹಾಕಿ, ಎರಡೂ ಕಾಲನ್ನು ಕಂಬಕ್ಕೆ ಒದ್ದು ಹಿಂದಕ್ಕೆ ಒರಗಿಬಿಟ್ಟಳು.

“ಅಯ್ಯಯ್ಯೋ, ಶೆಡ್ಡು ಬಿದ್ದೀತಮ್ಮಾ!”

ಶೆಡ್ಡೂ ಬೀಳಲಿಲ್ಲ, ಅವಳೂ ಬೀಳಲಿಲ್ಲ. ಎರಡು ಸಲ ಜಗ್ಗಿ ನೋಡಿ ಇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡು, “ಬಾರಪ್ಪಾ, ನೀನೂ ಒಂದ್ಸಲ ಒರಗು,” ಎಂದಳು.

“ನೀವು ಒರಗಿದ್ರಲ್ಲ ಅತ್ತಿಗೆ, ಸಾಕು ಬಿಡಿ.”

“ನಾಳೆ ಹತ್ತೋದು ನಾನಲ್ಲ. ಒರಗು.”

ಅವನು ಕುಂಟುತ್ತ ಬಂದು ಕೊಂಡಿ ಹಾಕಿಕೊಂಡ. ಮೊಣಕಾಲೆತ್ತರದಲ್ಲಿ ಕಂಬಕ್ಕೆ ಪಾದವೂರಿ ಮೆಲ್ಲಗೆ ಭಾರ ಬಿಟ್ಟ. ತೊಗಲು ಕಿರ್ರೆಂದಿತು. ಹೊಲಿಗೆ ಕೂದಲೆಳೆಯಷ್ಟೂ ಅಲುಗಲಿಲ್ಲ.

“ಆನೆ ಕಟ್ಟಿದರೂ ಜಗ್ಗಲ್ಲ!” ವ್ಯಾಪಾರಿಗೆ ಖುಷಿಯೋ ಖುಷಿ. “ಕಂಬದ ಮೇಲಿನ ನಿನ್ನ ಸಿಗರೇಟು ಯಾರು ನೋಡಿಲ್ಲಪ್ಪಾ? ತಗೋ, ಹಚ್ಚು.” ತನ್ನ ಜೇಬಿನದೊಂದನ್ನು ತೆಗೆದು ಅವನ ತುಟಿಗಿಟ್ಟು, ಬೆಂಕಿಪೊಟ್ಟಣವನ್ನು ಬಲಗೈಗೆ ಕೊಟ್ಟ. ಅವಳ ಕಡೆ ತಿರುಗಿ, “ಹಳೇದು ಇಲ್ಲೇ ಇರಲಿ, ಇದನ್ನ ಗಾಡಿಗೆ ಹಾಕಿಸಲಾ ಅಮ್ಮಾ?” ಎಂದ.

ಅವಳು ಮೈದುನನನ್ನೇ ನೋಡುತ್ತಿದ್ದಳು. ಬೆಳಗಿನಿಂದ ತುಳಿಯುತ್ತಿದ್ದ ಕಾಲು ನಿಂತುಹೋಗಿತ್ತು.

ಸಿಗರೇಟು ಮೈದುನನ ತುಟಿಯಲ್ಲಿತ್ತು, ಬೆಂಕಿಪೊಟ್ಟಣ ಬಲಗೈಯಲ್ಲಿತ್ತು. ನೆಲದಿಂದ ಮೊಣಕಾಲೆತ್ತರದಲ್ಲಿ, ಅವನ ಎಡಗೈ ಕಂಬವನ್ನು ತಬ್ಬಿಕೊಂಡೇ ಇತ್ತು.