ಕಾಲು ಚಾಚುವಷ್ಟು ನೆಲ

ಆ ಮುಂಜಾನೆ ಎಳೆಬಿಸಿಲು ಹಿತವಾಗಿ ಬಿದ್ದಿತ್ತು. ಭೂಮಿಯೆಲ್ಲ ಮನುಷ್ಯರಿಂದ ತುಂಬಿ, ಒಬ್ಬೊಬ್ಬರಿಗೆ ಅರ್ಧ ಚಾಪೆಯಷ್ಟೇ ನೆಲ ಉಳಿದಿದ್ದ ಕಾಲವದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಆಗ ಬರಿಯ ಗಾದೆಯಲ್ಲ, ಮರ್ಯಾದೆ. ಯಾರಾದರೂ ಕಾಲು ಚಾಚಬೇಕೆಂದರೆ ನೆರೆಯವರು ಮುದುರಿಕೊಂಡು ಜಾಗ ಕೊಡಬೇಕು. ಕೊಟ್ಟವರು ಅದನ್ನು ಮರಳಿ ಕೇಳುವಂತಿಲ್ಲ. ಪಡೆದವರೇ ತಿಳಿದು ಬಿಟ್ಟುಕೊಡಬೇಕು.

ಮೊಣಕಾಲು ನೋವಿನ ಸಿದ್ರಾಮಪ್ಪನಿಗೆಂದು ನೀಲವ್ವ ಚಳಿಗಾಲವಿಡೀ ಮುದುರಿ ಕೂತಿದ್ದಳು. ಅವನ ಕಾಲು ಈಗಲೂ ಅವಳ ನೆಲದ ಮೇಲೇ ಇತ್ತು. ಇತ್ತ ಅವಳ ಮೊಮ್ಮಗಳು ಲೀಲಾಳಿಗೆ ವರ್ಷ ದಾಟಿದರೂ ನಡಿಗೆ ಬಂದಿರಲಿಲ್ಲ. ನಡೆಯಲು ನೆಲವೆಲ್ಲಿ? ಅಜ್ಜಿಯ ಭುಜ ಹಿಡಿದು ಎದ್ದ ಮಗು, ಅಡ್ಡವಿದ್ದ ಕಾಲನ್ನು ನೋಡಿ ಮತ್ತೆ ಕುಸಿಯಿತು.

"ಕೂಸು ಯಾಕ ನಡೀವಲ್ದವಾ?" ಎಂದ ಸಿದ್ರಾಮಪ್ಪ.

"ಹಿರೇರ ಕಾಲು ದಾಟಿದ್ರ ಪಾಪ ಬರ್ತದಂತ ಅಂಜತೈತಿ, ಕಾಕಾ," ಎಂದು ನೀಲವ್ವ ನಕ್ಕಳು.

"ಭಾಳ ಶಾಣೇದೈತಿ ಬಿಡು, ನಿನ್ನಂಗ!"

ಮುದುಕ ತಾನೂ ನಕ್ಕು, "ಶಿವಾ" ಎನ್ನುತ್ತ ನೋವಿನ ಕಾಲನ್ನು ಎದೆಗೆ ಮಡಚಿಕೊಂಡ. ಲೀಲಾ ಎದ್ದು, ತಡವರಿಸುತ್ತ ಎರಡು ಹೆಜ್ಜೆಯಿಟ್ಟು, ಅವನ ಮಂಡಿ ಹಿಡಿದು ಕೇಕೆ ಹಾಕಿದಳು. ಚಪ್ಪಾಳೆಗೆ ಕೈ ಅಗಲಿಸಲು ಜಾಗವಿಲ್ಲದ ನೆರೆಯವರು ಚಿಟಿಕೆ ಹೊಡೆದು ಹರಸಿದರು.

ಮಗು ಅಜ್ಜಿಯ ಮಡಿಲಿಗೆ ಮರಳಿದ ಮೇಲೂ ಸಿದ್ರಾಮಪ್ಪ ಕಾಲು ಚಾಚಲಿಲ್ಲ. ಇಷ್ಟು ದಿನ ತಾನು ಇಟ್ಟುಕೊಂಡಿದ್ದ ನೆಲವನ್ನು ಅಂಗೈಯಿಂದ ಒರೆಸಿ, ಸದ್ದಿಲ್ಲದೆ ನೀಲವ್ವನಿಗೆ ಬಿಟ್ಟುಕೊಟ್ಟ.