ಬಲಿಪೀಠದ ಮುಂದಿನ ಕುಂಬಳಕಾಯಿ

ಪ್ರೇಮಲೀಲಾ ಬೂದುಗುಂಬಳಕಾಯಿಯನ್ನು ಬಲಿಪೀಠದ ಮೆಟ್ಟಿಲ ಮೇಲೆ ಇಳಿಸಿ, ಹೆಗಲಿಗೆ ಮೆತ್ತಿಕೊಂಡಿದ್ದ ಬೂದಿಯನ್ನು ಸೆರಗಿನಿಂದ ಒರೆಸಿಕೊಂಡಳು. ಅಂದು ಸುಗ್ಗಿ ಸ್ತೋತ್ರದ ಭಾನುವಾರ. ರಾಗಿತೆನೆ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ ಹಿಡಿದು ಸಭೆಯವರೆಲ್ಲ ಕಾಣಿಕೆ ಕೊಡಲು ಸಾಲಾಗಿ ಬರುತ್ತಿದ್ದರು. ಒಂದು ಕೈಯಲ್ಲಿ ಬೈಬಲು ಇದ್ದುದರಿಂದ ಅವಳು ಕಾಯಿಯನ್ನು ಹೆಗಲಿಗೇರಿಸಿ ತಂದಿದ್ದಳು. ಹಿಂದೆ ನಿಂತಿದ್ದ ಮಂಗಳಮ್ಮನ ನಾಲಿಗೆ ದೇವರ ಮನೆಯಲ್ಲೂ ಸುಮ್ಮನಿರುವಂಥದಲ್ಲ.

"ಕುಂಬಳಕಾಯಿ ಕಳ್ಳಿ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳಂತೆ," ಎಂದು ಪಿಸುಗುಟ್ಟಿ ಆಕೆ ನಕ್ಕಳು.

ತಮಾಷೆಯ ಗಾದೆ, ಪ್ರೇಮಲೀಲಾಗೂ ಗೊತ್ತು. ಆದರೆ ಕಳ್ಳಿ ಎಂಬ ಮಾತು ನಾಟಿತು. ಸ್ವಾತಂತ್ರ್ಯ ಬಂದ ವರ್ಷ, ಅತ್ತೆಯನ್ನು ಮಣ್ಣು ಮಾಡಿ ಬಂದ ದಿನ, ನಾದಿನಿ ಕರುಣಮ್ಮ ನಾಲ್ಕು ಜನರ ಮುಂದೆ ಅಂದದ್ದೂ ಅದೇ. ಅತ್ತೆ ತಮ್ಮ ಬೈಬಲು ಮಗಳಿಗೆ ಹೋಗಲಿ ಎಂದಿದ್ದರು. "ಓದೋರ ಹತ್ರ ಇರಲಿ" ಎಂದು ಸೊಸೆ ಇಟ್ಟುಕೊಂಡಳು. ಅಂದಿಗೆ ಮಾತು ನಿಂತಿತು. ಅತ್ತಿಗೆಯ ಮುಖ ನೋಡಬಾರದೆಂದು ಕರುಣಮ್ಮ ಬೆಳಗಿನ ಆರಾಧನೆ ಬಿಟ್ಟು ಸಂಜೆಯದಕ್ಕೆ ಹೋಗತೊಡಗಿದಳು. ಪ್ರೇಮಲೀಲಾ ಮಾತ್ರ ಮಾತಿಗೆ ತಪ್ಪದೆ ಓದಿದಳು. ದಿನಾ ನಸುಕಿನಲ್ಲಿ, ಕಾಫಿಗೂ ಮೊದಲು, ಕೆಂಪು ಪೆನ್ಸಿಲು ಹಿಡಿದು ಒಂದು ಅಧ್ಯಾಯ. ತನ್ನನ್ನು ತಿದ್ದಿಕೊಳ್ಳುವುದಕ್ಕೆ ಎನ್ನುತ್ತಿದ್ದಳು. ತಿದ್ದಬೇಕಾದವರು ಸಾಮಾನ್ಯವಾಗಿ ಅಕ್ಕಪಕ್ಕದ ಮನೆಯವರೇ ಆಗಿರುತ್ತಿದ್ದರು.

ಆ ಬೆಳಗ್ಗೆ ಗೀಟೆಳೆದದ್ದು, ಕಾಣಿಕೆ ತಂದವನು ಅದನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸಮಾಧಾನವಾಗಬೇಕು ಎಂಬ ಮಾತಿಗೆ. ಆಗ ಅದು ಮಂಗಳಮ್ಮನಿಗೆಂದೇ ಬರೆದಂತಿದೆ ಎನ್ನಿಸಿತ್ತು. ಈಗ ಕರುಣಮ್ಮನ ಮುಖ ಕಣ್ಣಮುಂದೆ ಬಂತು. ಅವಳು ಕಾಯಿಯನ್ನು ಅಲ್ಲೇ ಬಿಟ್ಟು, ಬೈಬಲನ್ನು ಕಂಕುಳಲ್ಲಿ ಅವುಚಿಕೊಂಡು ಹೊರನಡೆದಳು. ಗಂಡಸರ ಕಡೆ ಕೂತಿದ್ದ ಗಂಡ ಸಿದ್ದರಾಜು ಎಲ್ಲಿಗೆಂದು ಕೈಸನ್ನೆಯಲ್ಲಿ ಕೇಳಿದ್ದನ್ನೂ ನೋಡಲಿಲ್ಲ.

ಕರುಣಮ್ಮನ ಮನೆ ದೇವಾಲಯದ ಹಿಂದಿನ ಗಲ್ಲಿಯಲ್ಲೇ. ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ತಲೆಯೆತ್ತಿದಳು.

"ಏನ್ ಅತ್ತಿಗೆ, ಇವತ್ತು ಸೂರ್ಯ ಯಾವ ದಿಕ್ಕಲ್ಲಿ ಹುಟ್ಟಿದ?"

"ಕರುಣ, ನಿನ್ನ ಕ್ಷಮಿಸ್ಬುಟ್ಟಿದ್ದೀನಿ ಅಂತ ಹೇಳೋಕೆ ಬಂದೆ ಕಣಮ್ಮ." ಹೇಳಿ ಮುಗಿಸಿದಾಗ ಪ್ರೇಮಲೀಲಾಗೆ ಎಷ್ಟೋ ಹಗುರವೆನಿಸಿತು.

"ನಾನೇನು ಮಾಡಿದ್ದಕ್ಕೆ?"

"ಅಷ್ಟು ಜನದ ಮುಂದೆ ಕಳ್ಳಿ ಅಂದ್ಯಲ್ಲ, ಅದಕ್ಕೆ."

"ನಾನು ಕ್ಷಮಿಸಿ ಅಂತ ಕೇಳಿದ್ನಾ?"

"ಕೇಳದೆ ಇದ್ರೂ ನಾವೇ ಹೋಗ್ಬೇಕು. ವಾಕ್ಯದಲ್ಲಿ ಹಾಗಿದೆ."

"ಹೌದಾ? ಓದಿ, ನಾನೂ ಕೇಳ್ತೀನಿ."

ಪ್ರೇಮಲೀಲಾ ನಿಂತಲ್ಲೇ ಪುಟ ತೆರೆದು, ಗುರುವಾರದ ಹೆಂಗಸರ ಕೂಟದಲ್ಲಿ ಓದುವ ಧ್ವನಿಯಲ್ಲೇ ಶುರುಮಾಡಿದಳು. ಅರ್ಧಕ್ಕೆ ಬಂದಾಗ ಧ್ವನಿ ಇಳಿಯಿತು. ಎದ್ದು ಹೋಗಬೇಕೆಂದು ಹೇಳಿದ್ದು ಕೋಪ ಇಟ್ಟುಕೊಂಡವನಿಗಲ್ಲ. ಯಾರ ಮೇಲೆ ಇನ್ನೊಬ್ಬರಿಗೆ ದೂರಿದೆಯೋ ಅವನಿಗೆ. ಬೆಳಗ್ಗೆ ತಾನೇ ಗೀಟೆಳೆದ ಸಾಲು. ಕೆಂಪು ಇನ್ನೂ ಹೊಸದಾಗಿಯೇ ಇತ್ತು.

ಕರುಣಮ್ಮ ಕಲ್ಲು ಆರಿಸುವುದನ್ನು ನಿಲ್ಲಿಸಿ ಪುಸ್ತಕವನ್ನೇ ನೋಡುತ್ತಿದ್ದಳು.

ಪ್ರೇಮಲೀಲಾ ತೆರೆದ ಬೈಬಲನ್ನು ಎದೆಗೆ ಒತ್ತಿಕೊಂಡಳು. ಬೇರೆ ಬೈಬಲು ಸಿಗದೆಂದಲ್ಲ. ಆದರೆ ಇದು ಅವಳು ಬೇಕೆಂದ ಪುಟಕ್ಕೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಸಭೆಯಲ್ಲಿ ಪಾದ್ರಿ ಅಯ್ಯನವರು ವಾಕ್ಯಭಾಗ ಹೇಳಿ ಬಾಯಿ ಮುಚ್ಚುವುದರೊಳಗೆ ಅವಳ ಬೆರಳು ಅಲ್ಲಿರುತ್ತಿತ್ತು, ಎಲ್ಲರೂ ಅದನ್ನು ಹೊಗಳುತ್ತಿದ್ದರು.

"ನಿಂಗೆ ಹೊಸದೊಂದು ತರಿಸ್ಕೊಡ್ತೀನಿ ಕಣಮ್ಮ. ಅಂಚಿಗೆಲ್ಲ ಚಿನ್ನದ ಬಣ್ಣ ಇರೋದು."

"ಓದೋಕಾದ್ರೆ ನನ್ನ ಹತ್ರಾನೂ ಒಂದಿದೆ, ಅತ್ತಿಗೆ. ಹೊಸದರಲ್ಲಿ ಅಮ್ಮನ ನಶ್ಯದ ಕರೆ ಇರುತ್ತಾ?"

ದೇವಾಲಯದಿಂದ ಸುಗ್ಗಿಯ ಕೀರ್ತನೆ ತೇಲಿ ಬರುತ್ತಿತ್ತು. ಅದು ಕೊನೆಯ ಚರಣಕ್ಕೆ ಬಂತು. ಪ್ರೇಮಲೀಲಾ ಬೈಬಲನ್ನು ಮುಚ್ಚಿ, ಮೊರದ ಅಕ್ಕಿಯ ಮೇಲೆ ಇಟ್ಟಳು. ಕೈ ಹಿಂದಕ್ಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ತಪ್ಪಾಯ್ತು ಕರುಣ," ಎಂದಳು.

ಕರುಣಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಪುಸ್ತಕ ಎತ್ತಿಕೊಂಡಳು. "ಕಾಫಿ ಕುಡೀತೀರಾ?"

"ಆರಾಧನೆ ಮುಗಿದ ಮೇಲೆ ಬರ್ತೀನಿ. ಕಾಯಿ ಅಲ್ಲೇ ಬಿಟ್ಟು ಬಂದಿದ್ದೀನಿ."

ಅವಳು ಒಳಗೆ ಬಂದು ತನ್ನ ಜಾಗದಲ್ಲಿ ಕೂರುವ ಹೊತ್ತಿಗೆ ಕಾಣಿಕೆಯ ಸಾಲು ಮುಗಿದಿತ್ತು. ಅವಳ ಬೂದುಗುಂಬಳಕಾಯಿ ಬಾಳೆಗೊನೆಗಳ ನಡುವೆ ಇಟ್ಟ ಹಾಗೇ ಇತ್ತು. ಅಯ್ಯನವರು ವಾಕ್ಯಭಾಗ ಹೇಳಿದರು. ದೇವಾಲಯದ ತುಂಬ ಪುಟ ತಿರುವುವ ಸದ್ದೆದ್ದಿತು. ಪ್ರೇಮಲೀಲಾಳ ಬೆರಳುಗಳು ಬರಿದಾದ ಮಡಿಲ ಮೇಲೆ ಒಂದು ಸಲ ಆಡಿ ಸುಮ್ಮನಾದವು.

ಮಂಗಳಮ್ಮ ಬಗ್ಗಿ ಕೇಳಿದಳು, "ಏನ್ರೀ, ನೀವೇ ಬೈಬಲ್ ಮರೆತು ಬಂದ್ರಾ?"

"ಇಲ್ಲ ಕಣ್ರೀ," ಎಂದಳು ಪ್ರೇಮಲೀಲಾ. "ನೆನಪಾಗಿ ಬಿಟ್ಟು ಬಂದೆ."